ಕ್ಲಿಪ್ ಬದಲಾಯಿಸುವ ಮುಂಚೆ

ಪ್ರೀತಿಯ ಮಗಳಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಪಿಸ್ತೂಲು ಬೇಕಿತ್ತೋ ಬೇಡವಾಗಿತ್ತೋ ಅನ್ನುವ ವಾದ ಮನೆಯಲ್ಲಿ ಆಗಿ ಮುಗಿದಿದೆ, ಅದನ್ನು ಮತ್ತೆ ಎತ್ತುವುದಿಲ್ಲ. ಹೋಲ್ಸ್ಟರನ್ನು, ಅಂದರೆ ಪಿಸ್ತೂಲಿನ ಒರೆಯನ್ನು, ಬೆಲ್ಟಿಗೆ ಸಿಕ್ಕಿಸುವ ಕ್ಲಿಪ್ಪಿನ ಬಗ್ಗೆ ನಿನ್ನ ಪತ್ರದ ಕೊನೆಯಲ್ಲಿ ಒಂದು ಸಾಲು ಇತ್ತಲ್ಲ, "ಕ್ಲಿಪ್ ಬದಲಾಯಿಸುವಾಗಲೆಲ್ಲ ಒಳಗೆ ಏನಾದರೂ ಒತ್ತಿಬಿಟ್ಟರೆ ಅಂತ ಭಯ ಆಗುತ್ತೆ" ಅಂತ, ನನ್ನನ್ನು ಕಾಡುತ್ತಿರುವುದು ಅದೊಂದೇ. ಆ ಭಯ ಹುಚ್ಚು ಭಯವಲ್ಲ. ಆದರೆ ಅದು ಕ್ಲಿಪ್ಪಿನ ಮೇಲೆ ಕೂತಿದೆ. ಕೂರಬೇಕಾದದ್ದು ಟ್ರಿಗರ್ ಮೇಲೆ.

ನಮ್ಮ ಕಡೆಯವರಿಗೆ ಇದು ಬೇಗ ಹೊಳೆಯುವುದಿಲ್ಲ. ಕೊಡಗಿನ ಮನೆಗಳಲ್ಲಿ ಕೋವಿ ಗೋಡೆಗೆ ತೂಗುತ್ತಿತ್ತು, ತೋಟೆ ಬೇರೆಡೆ ಇರುತ್ತಿತ್ತು. ಕೈಲ್ ಪೊಳ್ದ್ ಹಬ್ಬ ಬಂದರೆ ಒರೆಸಿ, ನಳಿಗೆಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ. ಹಳೆಯ ಕೋವಿಗೆ ಕುದುರೆ, ಅಂದರೆ ಬಡಿದು ಗುಂಡು ಹಾರಿಸುವ ಸುತ್ತಿಗೆ, ಹೊರಗೆ ಕಾಣುತ್ತಿತ್ತು. ಎತ್ತಿದೆಯೋ ಇಲ್ಲವೋ ದೂರದಿಂದಲೇ ತಿಳಿಯುತ್ತಿತ್ತು. ಮಕ್ಕಳಿಗೆ ಹೇಳಿಕೊಟ್ಟದ್ದು ಒಂದೇ ಮಾತು, ನಳಿಗೆ ಯಾರ ಕಡೆಗೂ ತಿರುಗಿಸಬೇಡ. ತುಂಬಿದ ಪಿಸ್ತೂಲನ್ನು ಮೈಗೆ ಅಂಟಿಸಿಕೊಂಡು ಓಡಾಡುವ ಕಾಲ ಬರುತ್ತದೆಂದು ಯಾರೂ ಎಣಿಸಿರಲಿಲ್ಲ, ಹಾಗಾಗಿ ಅದರ ಶಿಸ್ತನ್ನು ಹೇಳಿಕೊಡುವವರೂ ಇರಲಿಲ್ಲ. ಅದು ನನಗೆ ಈಗಲೂ ಒಂದು ಕೊರತೆಯಂತೆ ಕಾಣುತ್ತದೆ.

ನಿನ್ನ ಗ್ಲಾಕ್ 19 ಪಿಸ್ತೂಲಿಗೆ ಹೊರಗೆ ಕಾಣುವ ಕುದುರೆಯೂ ಇಲ್ಲ, ಬೆರಳಲ್ಲಿ ಹಾಕುವ ಸೇಫ್ಟಿಯೂ ಇಲ್ಲ. ಟ್ರಿಗರ್ ಮಧ್ಯದ ಸಣ್ಣ ಅಲಗು ಪಕ್ಕದಿಂದ ತಗುಲಿದ್ದನ್ನು ತಡೆಯುತ್ತದೆ, ನೇರವಾಗಿ ಮುಂದಿನಿಂದ ಒತ್ತಿದ್ದನ್ನು ತಡೆಯುವುದಿಲ್ಲ. ಸುಮಾರು 2.5 ಕೆ.ಜಿ. ಒತ್ತಡ, ಅರ್ಧ ಇಂಚಿನ ಚಲನೆ, ಅಷ್ಟು ಸಾಕು. ಒತ್ತಿದ್ದು ಬೆರಳೋ, ಸ್ವೆಟ್‌ಶರ್ಟಿನ ದಾರವೋ, ವೇಲಿನ ತುದಿಯೋ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಆ ಗನ್ನಿಗೆ ಹೋಲ್ಸ್ಟರೇ ಅರ್ಧ ಸೇಫ್ಟಿ. ಟ್ರಿಗರ್ ಗಾರ್ಡನ್ನು, ಅಂದರೆ ಟ್ರಿಗರ್ ಸುತ್ತಲಿನ ಬಳೆಯನ್ನು, ಎರಡೂ ಕಡೆ ಪೂರ್ತಿ ಮುಚ್ಚುವ, ಬೆರಳಿಗೆ ಬಗ್ಗದ ಗಟ್ಟಿ ಚಿಪ್ಪು ಇರಬೇಕು. ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಆದರೆ 2 ಮಿ.ಮೀ. ದಪ್ಪದ್ದು ಸಾಮಾನ್ಯ. ಕ್ಲಿಪ್, ಸೊಂಟದೊಳಗೆ ತೂರಿಸುವ ಚಪ್ಪಟೆ ಪ್ಯಾಡಲ್, ಗನ್ನನ್ನು ಮೈಗೆ ಒತ್ತಿಹಿಡಿಯುವ ಕ್ಲಾ, ಏನೇ ಬದಲಾದರೂ ಆ ಚಿಪ್ಪು ಬದಲಾಗಬಾರದು. ನೀನು ನೋಡುತ್ತಿರುವ ಸೆಟ್ಟಿನಲ್ಲಿ ಕ್ಲಿಪ್ಪಿನ ಸ್ಕ್ರೂಗಳೇ ಚಿಪ್ಪಿನ ಎರಡು ಹೋಳುಗಳನ್ನೂ ಹಿಡಿದಿದ್ದರೆ ಅದನ್ನು ಬಿಟ್ಟುಬಿಡು. ಪ್ರತಿ ಸಲ ಕ್ಲಿಪ್ ತೆಗೆದಾಗಲೂ ಟ್ರಿಗರ್ ಕಾಯುವ ಗೋಡೆಯೇ ಸಡಿಲವಾದಂತೆ.

ಇನ್ನೊಂದು ಮಾತು. ತೋರುಬೆರಳಿನಿಂದ ಗುಂಡಿ ಒತ್ತಿ ಗನ್ ಬಿಡಿಸುವ ಹೋಲ್ಸ್ಟರ್ ಬೇಡ. ಅವಸರದಲ್ಲಿ ಒತ್ತುತ್ತಿದ್ದ ಬೆರಳು ಹಾಗೇ ಜಾರಿ ಟ್ರಿಗರ್ ಮೇಲೆ ಹೋಗಬಹುದು. ಹಲವು ತರಬೇತಿ ಶಾಲೆಗಳು ಆ ಮಾದರಿಯನ್ನು ಒಳಗೇ ಬಿಡುವುದಿಲ್ಲ. ಲಾಕ್ ಬೇಕೇ ಬೇಕೆಂದರೆ ಹೆಬ್ಬೆರಳಿನಿಂದ ಬಿಡಿಸುವ ಸಫಾರಿಲ್ಯಾಂಡ್ ಕಂಪನಿಯ ಎ.ಎಲ್.ಎಸ್. ಲಾಕಿನ ಥರದ್ದು ನೋಡು. ಅವರ ಮೂರು ರಂಧ್ರದ ಜೋಡಣೆಗೆ ಬೆಲ್ಟ್ ಲೂಪು, ಪ್ಯಾಡಲ್ಲು, ತೊಡೆಗೆ ಕಟ್ಟುವ ಪಟ್ಟಿ ಎಲ್ಲ ಸಿಗುತ್ತವೆ. ಆದರೆ ಎಲ್ಲ ಕಂಪನಿಗಳ ರಂಧ್ರಗಳ ಅಂತರ ಒಂದೇ ಅಲ್ಲ. ಹೊಂದದ ರಂಧ್ರವನ್ನು ಡ್ರಿಲ್ಲಿನಿಂದ ಹಿಗ್ಗಿಸಿ ಕೂರಿಸಲು ಹೋಗಬೇಡ.

ನಿನ್ನ ಭಯದ ವಿಷಯಕ್ಕೇ ಬರುತ್ತೇನೆ. ಗನ್ ಒಳಗಿದ್ದಾಗ ಸ್ಕ್ರೂ ಮುಟ್ಟಬಾರದು, ಒಂದೇ ಒಂದು ತಿರುವು ಆದರೂ ಸರಿ. ಮೊದಲು ಮ್ಯಾಗಜಿನ್, ಅಂದರೆ ತೋಟೆಗಳ ಡಬ್ಬಿ, ತೆಗೆ, ಆಮೇಲೆ ಸ್ಲೈಡ್, ಅಂದರೆ ಹಿಂದೆ ಮುಂದೆ ಜಾರುವ ಮೇಲಿನ ಭಾಗ, ಎಳೆ. ಈ ಕ್ರಮ ತಿರುಗಾದರೆ ಸ್ಲೈಡ್ ಮ್ಯಾಗಜಿನ್ನಿನಿಂದ ಇನ್ನೊಂದು ತೋಟೆಯನ್ನು ಒಳಗೆ ತಳ್ಳುತ್ತದೆ. ತೋಟೆ ಕೂರುವ ಛೇಂಬರನ್ನು ಕಣ್ಣಲ್ಲಿ ನೋಡು, ಕಿರುಬೆರಳು ಹಾಕಿಯೂ ನೋಡು. ತೋಟೆಗಳೆಲ್ಲ ಬೇರೆ ಕೋಣೆಗೆ ಹೋಗಲಿ. ಖಾಲಿ ಹೋಲ್ಸ್ಟರ್ ಮಾತ್ರ ಮೇಜಿನ ಮೇಲೆ ಬರಲಿ.

ಸ್ಕ್ರೂ ವಿಷಯ ಬರೆದರೆ ಬೇಸರವಾಗುತ್ತದೇನೋ, ಆದರೂ ಕೇಳು. ದಪ್ಪ ಪ್ಯಾಡಲ್ ತೆಗೆದು ತೆಳು ಕ್ಲಿಪ್ ಹಾಕಿ ಅದೇ ಉದ್ದದ ಸ್ಕ್ರೂ ಬಿಗಿದರೆ ತುದಿ ಒಳಗೆ ಚಾಚಿ ಸ್ಲೈಡಿಗೆ ಉಜ್ಜುತ್ತದೆ. ತೆಳುವಿನಿಂದ ದಪ್ಪಕ್ಕೆ ಹೋದರೆ ಒಂದೆರಡು ಸುತ್ತು ಮಾತ್ರ ಹಿಡಿದು, ಬೇಗ ಕಳಚಬಹುದು. ಪ್ರತಿ ಕ್ಲಿಪ್ಪಿಗೂ ಅದರದೇ ಸ್ಕ್ರೂಗಳನ್ನು ಒಂದೊಂದು ಸಣ್ಣ ಚೀಲದಲ್ಲಿಡು. ಥ್ರೆಡ್ಡನ್ನು ಆಲ್ಕೋಹಾಲಿನಲ್ಲಿ ಒರೆಸಿ ಸ್ಕ್ರೂ ಸಡಿಲಾಗದಂತೆ ಹಿಡಿಯುವ ವೈಬ್ರಾ-ಟೈಟ್ ವಿಸಿ-3 ದ್ರವ ಹಚ್ಚಿ, ಒಣಗಿದ ಮೇಲೆ ಬಿಗಿ. ಅದನ್ನು ಹಚ್ಚಿದ ಸ್ಕ್ರೂವನ್ನು ಕೆಲವು ಸಲ ಬಿಚ್ಚಿ ಹಾಕಬಹುದು, ನಿನ್ನಂತೆ ಪದೇಪದೇ ಬದಲಾಯಿಸುವವರಿಗೆ ಅದೇ ಒಳ್ಳೆಯದು. ಅದೇ ಕೆಲಸದ ನೀಲಿ ಲಾಕ್‌ಟೈಟ್ ಅಂಟು ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು, ಹಸಿಯಾಗಿ ಪ್ಲಾಸ್ಟಿಕ್ಕಿಗೆ ತಾಗಿದರೆ ಕೆಲವು ಪ್ಲಾಸ್ಟಿಕ್ಕು ಬಿರುಕು ಬಿಡುತ್ತದೆ. ಕೆಂಪಿನದನ್ನು ಮುಟ್ಟಲೇಬೇಡ, ಬಿಚ್ಚಲು ಕಾಯಿಸಬೇಕಾಗುತ್ತದೆ. ಕಾಯಿಸಿದರೆ ಕೈಡೆಕ್ಸ್ ಹೋಯಿತು. ಬಿಗಿದ ಮೇಲೆ ಸ್ಕ್ರೂ ತಲೆಯಿಂದ ಕ್ಲಿಪ್ಪಿಗೆ ಸೇರುವಂತೆ ನೇಲ್ ಪಾಲಿಶಿನ ಒಂದು ಗೆರೆ ಎಳೆ. ಗೆರೆ ಮುರಿದು ಕಂಡರೆ ಸ್ಕ್ರೂ ತಿರುಗಿದೆ ಎಂದರ್ಥ. ಗನ್ನಿನ ಹಿಡಿತ ಹೊಂದಿಸುವ ಸ್ಕ್ರೂ ಬೇರೆ, ಅದರಡಿ ರಬ್ಬರ್ ವಾಷರ್ ಇರುತ್ತದೆ. ಅದನ್ನು ಕಾಲು ಕಾಲು ಸುತ್ತಾಗಿ ಮಾತ್ರ ತಿರುಗಿಸು. ಖಾಲಿ ಗನ್ ಹಾಕಿ, ಹಾಸಿಗೆಯ ಮೇಲೆ ತಲೆಕೆಳಗೆ ಹಿಡಿದು ಕೊಡವಿದಾಗ ಬೀಳಬಾರದು.

"ಒಳಗೆ ಏನಾದರೂ ಒತ್ತಿಬಿಟ್ಟರೆ" ಅಂತ ಕೇಳಿದೆಯಲ್ಲ, ಅದನ್ನು ನೀನೇ ಕಣ್ಣಾರೆ ನೋಡಬಹುದು. ಖಾಲಿ ಗನ್ನಿನ ಸ್ಲೈಡ್ ಒಮ್ಮೆ ಎಳೆದುಬಿಟ್ಟರೆ ಟ್ರಿಗರ್ ಮುಂದೆ ಬಂದು ನಿಲ್ಲುತ್ತದೆ. ಹಾಗೇ ಹೋಲ್ಸ್ಟರಿಗೆ ಹಾಕಿ, ಹೊಸ ಕ್ಲಿಪ್ಪಿನಲ್ಲಿ ಮನೆಯೊಳಗೇ ಕೂತು, ಬಗ್ಗಿ, ಮೆಟ್ಟಿಲು ಹತ್ತು. ಹೊರಗಿನಿಂದ ಟ್ರಿಗರ್ ಗಾರ್ಡಿನ ಭಾಗವನ್ನು ಹೆಬ್ಬೆರಳಿನಿಂದ ಬಲವಾಗಿ ಅದುಮು. ಆಮೇಲೆ ತೆಗೆದು ನೋಡು. ಟ್ರಿಗರ್ ಹಿಂದಕ್ಕೆ ಹೋಗಿದ್ದರೆ ಯಾವುದೋ ಅದನ್ನು ಒತ್ತಿದೆ, ಆ ಜೋಡಣೆಯಲ್ಲಿ ತೋಟೆ ತುಂಬಲೇಬಾರದು. ಮುಂದೆಯೇ ಇದ್ದರೂ ಎರಡು ಮೂರು ದಿನ ಹೀಗೇ ಮಾಡು. ಗನ್ ಮೇಲೆ ಲೈಟ್ ಇದ್ದರೆ ಇನ್ನೂ ಹುಷಾರು, ಲೈಟಿಗಾಗಿ ಅಗಲ ಮಾಡಿದ ಬಾಯಿಯ ಸಂದಿನಲ್ಲಿ ಬೆರಳು ಟ್ರಿಗರಿಗೆ ಮುಟ್ಟುವುದುಂಟು.

ಬದಲಾಯಿಸುವ ಆಸೆಯನ್ನೇ ಸ್ವಲ್ಪ ಕಡಿಮೆ ಮಾಡು ಅನ್ನಲೇ? ಬೈಯುತ್ತಿಲ್ಲ. ಕಾರಿಗೊಂದು, ಆಫೀಸಿಗೊಂದು ಅಂತ ದಿನಕ್ಕೆರಡು ಸಲ ಗನ್ ಹೊರತೆಗೆದರೆ ಟ್ರಿಗರ್ ಮುಚ್ಚದೆ ಬಯಲಾಗಿರುವ ಹೊತ್ತೂ ಎರಡು ಪಟ್ಟು. ಎಲ್ಲಾದರೂ ತೆಗೆಯಲೇಬೇಕಾದರೆ ಗನ್ ಒಳಗಿರುವಂತೆಯೇ ಹೋಲ್ಸ್ಟರ್ ಸಮೇತ ಬೆಲ್ಟಿನಿಂದ ಬಿಡಿಸಿ, ಕೇಬಲ್ ಹಾಕಿದ ಲಾಕ್ ಬಾಕ್ಸಿನಲ್ಲಿಡು. ಡ್ಯಾಶ್‌ಬೋರ್ಡಿನ ಬಿಸಿಲಿಗೆ ಹೋಲ್ಸ್ಟರ್ ಸೊಟ್ಟಗಾಗಬಹುದು. ವಾಪಸ್ ಹಾಕುವಾಗಲೂ ಗನ್ನನ್ನು ಹೊರಗೇ ಹೋಲ್ಸ್ಟರಿಗೆ ಸೇರಿಸಿ, ಆಮೇಲೆ ಇಡಿಯಾಗಿ ಸೊಂಟಕ್ಕೆ ಸಿಕ್ಕಿಸು. ಕುರ್ತಾ ಹಾಕುವ ದಿನ ಕ್ಲಿಪ್ಪಿನ ಹೋಲ್ಸ್ಟರ್ ಬೇಡ. ಬೆಲ್ಟಿಲ್ಲದ ಲಾಡಿಯ ಮೇಲೆ ಕ್ಲಿಪ್ ನಿಲ್ಲುವುದಿಲ್ಲ, ಗನ್ ಎಳೆದರೆ ಹೋಲ್ಸ್ಟರೂ ಜೊತೆಗೇ ಎದ್ದು ಬರುತ್ತದೆ. ಬಟ್ಟೆಯ ಒಳಗೆ ತನ್ನದೇ ಪಟ್ಟಿಯಿಂದ ಕಟ್ಟಿಕೊಳ್ಳುವ ಫ್ರೇಮುಗಳಿವೆ, ಅವು ವಾಸಿ.

ನಿಮ್ಮ ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ತುಂಬಿದ ಅರ್ಹರಿಗೆ ಪಿಸ್ತೂಲು ಒಯ್ಯಲು ಲೈಸೆನ್ಸ್ ಬೇಡವಾಗಿದೆ, ಆದರೆ ಗನ್ ಹೊರಗೆ ಕಾಣುವಂತಿದ್ದರೆ ಹೋಲ್ಸ್ಟರಿನಲ್ಲೇ ಇರಬೇಕು. ಅದಕ್ಕಿಂತ ಮುಖ್ಯವಾದದ್ದು, ನಿನ್ನ ಮೈದುನ ಇನ್ನೂ ಎಚ್-1ಬಿ ವೀಸಾದಲ್ಲೇ ಇದ್ದಾನಲ್ಲವೇ? ನಿನಗೆ ಗ್ರೀನ್ ಕಾರ್ಡ್ ಇದೆ, ತೊಂದರೆಯಿಲ್ಲ. ಅವನಂಥವರು ಗನ್ ಆಗಲಿ ತೋಟೆಯಾಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಥರದ ಕೆಲವು ವಿನಾಯಿತಿ ಬಿಟ್ಟರೆ ಅವರಿಗೆ ದಾರಿಯಿಲ್ಲ. ಸ್ಕ್ರೂ ಬಿಗಿಯುವಾಗ "ಇದನ್ನೊಂಚೂರು ಹಿಡ್ಕೋ" ಅಂತ ಅವನ ಕೈಗೆ ಕೊಟ್ಟುಬಿಟ್ಟೀಯೆ! ಲಾಕ್ ಬಾಕ್ಸಿನ ನಂಬರೂ ಅವನಿಗೆ ತಿಳಿಯಬಾರದು.

ನಿನ್ನ ಬೆಲ್ಟಿನ ಅಗಲ ಅಳೆದು ಬರಿ. ಒಂದೂವರೆ ಇಂಚಿನದೋ ಒಂದೂಮುಕ್ಕಾಲಿನದೋ ಗೊತ್ತಾಗದೆ ಕ್ಲಿಪ್ ಆರಿಸಲಾಗದು. ಕ್ಲಿಪ್ಪಿನ ಕೊಕ್ಕೆ ಬೆಲ್ಟಿನ ಕೆಳ ಅಂಚನ್ನು ಪೂರ್ತಿ ಕಚ್ಚಬೇಕು. ಅಳತೆ ಬಂದ ಮೇಲೆ ಇಲ್ಲಿರುವುದರಲ್ಲಿ ಹೊಂದುವುದನ್ನು ಅದರ ಸ್ಕ್ರೂ ಸಮೇತ ಕಳಿಸುತ್ತೇನೆ. ಅಲ್ಲಿಯವರೆಗೆ ಪ್ಯಾಡಲ್ ಒಂದನ್ನೇ ಇಟ್ಟುಕೋ.

ಇಂತಿ,
ನಿನ್ನ ದೊಡ್ಡಪ್ಪ