ಮಾರಿಯೊ, ಸೋನಿಕ್ ಸರಿ, ಸ್ಪಾರ್ಕ್‌ಸ್ಟರ್ ಎಲ್ಲಿ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ವಿಡಿಯೋ ಗೇಮ್‌ಗಳ ಬಗ್ಗೆ ಬಂದ ಬರಹ ಓದಿದೆ. ತುಂಬ ಖುಷಿಯಾಯಿತು. ಕನ್ನಡದಲ್ಲಿ ಈ ವಿಷಯಕ್ಕೆ ಇಡೀ ಪುಟ ಸಿಗುವುದೇ ಅಪರೂಪ. ಆದರೆ ಆ ಪುಟದ ತುಂಬ ಮಾರಿಯೊ ಮತ್ತು ಓಡುವ ನೀಲಿ ಪ್ರಾಣಿ ಸೋನಿಕ್ ಇಬ್ಬರೇ ಇದ್ದರು. ಇಬ್ಬರೂ ದೊಡ್ಡವರು, ಅದರಲ್ಲಿ ತಕರಾರಿಲ್ಲ. ಅದೇ ಕಾಲದಲ್ಲಿ, ಸೋನಿಕ್ ಓಡಿದ ಅದೇ ಮೆಷಿನ್‌ಗೆ ಬಂದ ಇನ್ನೊಂದು ಆಟ ಇದೆ. ನನ್ನ ಪ್ರಕಾರ ಅದು ಸೋನಿಕ್‌ಗಿಂತ ಒಂದು ಕೈ ಮೇಲು. ಅದರ ಹೆಸರು ಇಂಥ ಬರಹಗಳಲ್ಲಿ ಎಲ್ಲೂ ಬರುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸಬೇಡಿ.

ಆಟದ ಹೆಸರು ರಾಕೆಟ್ ನೈಟ್ ಅಡ್ವೆಂಚರ್ಸ್ (ಇಲ್ಲಿ ನೈಟ್ ಅಂದರೆ ರಾತ್ರಿ ಅಲ್ಲ, ಕವಚ ತೊಟ್ಟ ಯೋಧ). ಜಪಾನಿನ ಕೊನಾಮಿ ಕಂಪನಿ 1993ರಲ್ಲಿ ಸೆಗಾ ಕಂಪನಿಯ ಮೆಗಾ ಡ್ರೈವ್ ಅನ್ನುವ ಗೇಮ್ ಮೆಷಿನ್‌ಗೆ ಮಾಡಿದ್ದು. ಅಮೆರಿಕದಲ್ಲಿ ಅದೇ ಮೆಷಿನ್‌ಗೆ ಜೆನೆಸಿಸ್ ಅನ್ನುತ್ತಿದ್ದರು. ಆಟದ ನಾಯಕ ಸ್ಪಾರ್ಕ್‌ಸ್ಟರ್. ಅವನೊಂದು ಒಪಾಸಮ್. ಇದು ಅಮೆರಿಕ ಖಂಡದ ಪ್ರಾಣಿ, ಮರಿಗಳನ್ನು ಕಾಂಗರೂ ತರ ಹೊಟ್ಟೆಯ ಚೀಲದಲ್ಲಿ ಸಾಕುತ್ತದೆ. ಬಾಲದಿಂದ ಕೊಂಬೆಯನ್ನು ಸುತ್ತಿ ಹಿಡಿಯುವುದು ಅದಕ್ಕೆ ಗೊತ್ತು. ನಮ್ಮ ಸ್ಪಾರ್ಕ್‌ಸ್ಟರ್‌ಗೆ ಮೈಮೇಲೆ ಯೋಧರ ಕವಚ, ಕೈಯಲ್ಲಿ ಕತ್ತಿ, ಬೆನ್ನಿಗೆ ರಾಕೆಟ್. ಕೇಳುವಾಗ ಸುಮ್ನೆ ಸಿಕ್ಕಿದ್ದನ್ನೆಲ್ಲ ಸೇರಿಸಿದ್ದಾರೆ ಅನಿಸಬಹುದು. ಆಡುವಾಗ ಹಾಗೆ ಅನಿಸುವುದೇ ಇಲ್ಲ.

ಕರ್ನಾಟಕದ ಓದುಗರಿಗೆ ಇದರ ನಂಟು ತೋರಿಸುವುದು ಸುಲಭ. ತೊಂಬತ್ತರ ದಶಕದಲ್ಲಿ ನಮ್ಮ ಹೆಚ್ಚಿನ ಮನೆಗಳಿಗೆ ಬಂದದ್ದು ಮೆಗಾ ಡ್ರೈವ್ ಅಲ್ಲ, ನಿಂಟೆಂಡೊದ 8 ಬಿಟ್ ಮೆಷಿನ್‌ನ ಅಗ್ಗದ ನಕಲು. ಟಿವಿಗೆ ಜೋಡಿಸಿ, ಮೇಲಿಂದ ಕ್ಯಾಸೆಟ್ ಒತ್ತಿ ಕೂರಿಸಿ, ಪರದೆ ಸರಿಯಾಗಿ ಬರದಿದ್ದರೆ ತೆಗೆದು ಊದಿ ಮತ್ತೆ ಹಾಕುತ್ತಿದ್ದೆವಲ್ಲ, ಅದೇ. ಅದರಲ್ಲಿ ಎಲ್ಲರೂ ಆಡಿದ್ದು ಕಾಂಟ್ರಾ. ಕಾಂಟ್ರಾ ಕೂಡ ಕೊನಾಮಿಯದೇ. 1992ರಲ್ಲಿ ಆ ಸರಣಿಯ ಕಾಂಟ್ರಾ III ಆಟವನ್ನು ಸೂಪರ್ ನಿಂಟೆಂಡೊ ಅನ್ನುವ ಮೆಷಿನ್‌ಗೆ ನಿರ್ದೇಶಿಸಿದವರು ನೊಬುಯಾ ನಕಾಝಾಟೊ. ಮರುವರ್ಷ ರಾಕೆಟ್ ನೈಟ್ ಮಾಡಿದವರೂ ಅವರೇ. ಕಾಂಟ್ರಾ ಬಲ್ಲವರಿಗೆ ಈ ಆಟದಲ್ಲಿ ಆ ಕೈ ಕೂಡಲೇ ಗೊತ್ತಾಗುತ್ತದೆ. ಅರ್ಧ ಪರದೆ ತುಂಬುವ ದೊಡ್ಡ ಬಾಸ್‌ಗಳು ಅಂದರೆ ಮುಖ್ಯ ಶತ್ರುಗಳು, ಉಸಿರು ಬಿಡಲು ಸಮಯ ಕೊಡದೆ ಒಂದರ ಹಿಂದೆ ಒಂದು ಬರುವ ಹೊಸ ಸಂಕಟಗಳು, ಎಲ್ಲ ಅಲ್ಲಿಂದಲೇ ಬಂದದ್ದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಆಟದಲ್ಲಿ ಕೆಲಸ ಎರಡೇ: ನೆಗೆಯುವುದು, ಕತ್ತಿ ಬೀಸುವುದು. ಕತ್ತಿ ಬೀಸಿದರೆ ಅದರಿಂದ ಸ್ವಲ್ಪ ದೂರ ಹೋಗುವ ಒಂದು ಬೆಳಕಿನ ಅಲೆ ಹೊರಡುತ್ತದೆ. ಅದೇ ಬಟನ್ ಒತ್ತಿ ಹಿಡಿದರೆ ರಾಕೆಟ್ ಚಾರ್ಜ್ ಆಗುತ್ತದೆ. ಪರದೆಯ ಮೇಲಿನ ಮೀಟರ್ ತುಂಬಿದ ಮೇಲೆ ಯಾವ ದಿಕ್ಕು ಒತ್ತಿಕೊಂಡು ಬಟನ್ ಬಿಡುತ್ತೀರೋ ಆ ಕಡೆ ಸ್ಪಾರ್ಕ್‌ಸ್ಟರ್ ಹಾರುತ್ತಾನೆ. ದಿಕ್ಕು ಒತ್ತದೆ ಬಿಟ್ಟರೆ ನಿಂತಲ್ಲೇ ಗಿರ್ರನೆ ತಿರುಗಿ ಸುತ್ತ ಇದ್ದವರನ್ನೆಲ್ಲ ಕತ್ತರಿಸುತ್ತಾನೆ. ಗೋಡೆಗೆ ಓರೆಯಾಗಿ ಹಾರಿದರೆ ಬಡಿದು ಪುಟಿದು ಎದುರಿನ ಗೋಡೆಗೆ ಹೋಗುತ್ತಾನೆ, ಅಲ್ಲಿಂದ ಮತ್ತೆ ಈಚೆಗೆ. ಇಷ್ಟೇ. ಹೊಸ ಆಯುಧ ಸಿಗುವುದಿಲ್ಲ, ಹೊಸ ಶಕ್ತಿ ಕಲಿಯುವುದಿಲ್ಲ. ಮೊದಲ ನಿಮಿಷ ಕೈಯಲ್ಲಿ ಏನಿತ್ತೋ ಕೊನೆಯ ಬಾಸ್ ಎದುರಿಗೂ ಅದೇ.

ಇಲ್ಲಿ ಒಂದು ವಿಷಯ ಗಮನಿಸಿ. ಕತ್ತಿಗೂ ರಾಕೆಟ್‌ಗೂ ಒಂದೇ ಬಟನ್. ಅಂದರೆ ಚಾರ್ಜ್ ಮಾಡುವಷ್ಟು ಹೊತ್ತು ಕತ್ತಿ ಬೀಸಲು ಆಗುವುದಿಲ್ಲ. ಕ್ಯಾಟರ್‌ಬಿಲ್ಲಿನ ರಬ್ಬರ್ ಎಳೆದು ಹಿಡಿದವನಿಗೆ ಇನ್ನೊಂದು ಕಲ್ಲು ಎತ್ತಿಕೊಳ್ಳಲು ಕೈ ಇರುವುದಿಲ್ಲವಲ್ಲ, ಹಾಗೆ. ಎದುರಿಗೆ ಶತ್ರು ಬರುತ್ತಿದ್ದಾನೆ, ಈಗ ಹೊಡೆಯಬೇಕೋ, ಇಲ್ಲ ತಪ್ಪಿಸಿಕೊಳ್ಳುತ್ತಾ ಮೀಟರ್ ತುಂಬಿಸಿ ಹಾರಿ ಎಲ್ಲರನ್ನೂ ಒಟ್ಟಿಗೆ ಮುಗಿಸಬೇಕೋ? ಇಡೀ ಆಟ ಈ ಒಂದು ಪ್ರಶ್ನೆಯನ್ನು ಕೇಳುತ್ತಲೇ ಇರುತ್ತದೆ. ಸೋನಿಕ್‌ನಲ್ಲಿ ವೇಗ ಬಹಳ ಸಲ ಇಳಿಜಾರಿನಿಂದ, ಸ್ಪ್ರಿಂಗ್‌ನಿಂದ ಸಿಗುತ್ತದೆ, ನಾವು ಬಲಗಡೆ ಒತ್ತಿಕೊಂಡು ನೋಡುತ್ತಾ ಇರುತ್ತೇವೆ. ಇಲ್ಲಿ ಒಂದೊಂದು ಹಾರಾಟವೂ ಆಡುವವರೇ ಮಾಡಿದ ತೀರ್ಮಾನ. ತಪ್ಪು ಕಡೆ ಹಾರಿದರೆ ಮುಳ್ಳಿನ ಮೇಲೆ ಬೀಳುತ್ತೀರಿ, ಅದಕ್ಕೆ ಹೊಣೆಯೂ ನೀವೇ. ನಾನು ಒಂದು ಕೈ ಮೇಲು ಅಂದದ್ದು ಇದಕ್ಕೆ.

ಕಥೆ ಸರಳ. ಜೆಫಿರಸ್ ಅನ್ನುವ ರಾಜ್ಯದ ಮೇಲೆ ಡೆವೊಟಿಂಡೋಸ್ ಸಾಮ್ರಾಜ್ಯದ ಹಂದಿ ಸೈನ್ಯ ದಾಳಿ ಮಾಡುತ್ತದೆ. ಆಕ್ಸೆಲ್ ಗಿಯರ್ ಅನ್ನುವ ಕಪ್ಪು ಕವಚದ ಯೋಧ ರಾಜಕುಮಾರಿಯನ್ನು ಎತ್ತಿಕೊಂಡು ಹೋಗುತ್ತಾನೆ. ಅವನ ಬೆನ್ನಿಗೂ ರಾಕೆಟ್ ಇದೆ. ಹಂದಿಗಳ ಕಣ್ಣು ಪಿಗ್ ಸ್ಟಾರ್ ಅನ್ನುವ ದೊಡ್ಡ ಯುದ್ಧನೌಕೆಯ ಮೇಲೆ. ರಾಜಕುಮಾರಿಗೆ ಇಡೀ ಆಟದಲ್ಲಿ ಬಿಡಿಸಿಕೊಳ್ಳುವವರನ್ನು ಕಾಯುವುದು ಬಿಟ್ಟು ಬೇರೆ ಕೆಲಸವಿಲ್ಲ, ಅದು ನನಗೆ ಬೇಸರದ ಸಂಗತಿಯೇ. ಆದರೆ ಆಕ್ಸೆಲ್ ಗಿಯರ್ ಚೆನ್ನಾಗಿ ಮೂಡಿದ್ದಾನೆ. ಸ್ಪಾರ್ಕ್‌ಸ್ಟರ್‌ಗೆ ಬರುವ ವಿದ್ಯೆಯೆಲ್ಲ ಅವನಿಗೂ ಬರುತ್ತದೆ. ಹಾಗಾಗಿ ಅವನ ಜೊತೆಗಿನ ಹೋರಾಟದಲ್ಲಿ ನಮ್ಮದೇ ವಿದ್ಯೆ ನಮ್ಮ ಮೇಲೆ ತಿರುಗಿ ಬರುತ್ತದೆ.

ಒಟ್ಟು ಏಳು ಹಂತಗಳು. ಒಂದರಲ್ಲಿ ಬಂದ ಉಪಾಯ ಇನ್ನೊಂದರಲ್ಲಿ ಮತ್ತೆ ಬರುವುದು ತೀರಾ ಕಡಿಮೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಲಾವಾ ತುಂಬಿದ ಗುಹೆ. ಅಲ್ಲಿ ಮುಂದಿನ ಬಂಡೆಗಳು ಅಡ್ಡ ಬಂದು ಸ್ಪಾರ್ಕ್‌ಸ್ಟರ್ ಕಾಣುವುದೇ ಇಲ್ಲ. ಅವನು ಎಲ್ಲಿ ನಿಂತಿದ್ದಾನೆ, ಮುಂದಿನ ಕಲ್ಲು ಎಷ್ಟು ದೂರ ಇದೆ, ಏನೂ ತಿಳಿಯುವುದಿಲ್ಲ. ಆಮೇಲೆ ಕೆಳಗೆ ನೋಡುತ್ತೀರಿ. ಲಾವಾದ ಮೇಲ್ಮೈಯಲ್ಲಿ ಅವನ ಪ್ರತಿಬಿಂಬ, ಕಲ್ಲುಗಳ ಪ್ರತಿಬಿಂಬ ತಲೆಕೆಳಗಾಗಿ ಕಾಣುತ್ತಿರುತ್ತದೆ! ಅದನ್ನೇ ನೋಡಿಕೊಂಡು ನೆಗೆಯಬೇಕು. ಹೀಗೆ ಮಾಡಿ ಅಂತ ಒಂದು ಅಕ್ಷರ ಸೂಚನೆಯೂ ಇಲ್ಲ. ಕಣ್ಣು ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ. 1993ರಲ್ಲಿ 16 ಬಿಟ್ ಮೆಷಿನ್ ಮೇಲೆ ಇಂಥದ್ದನ್ನು ಯೋಚಿಸಿ ಮಾಡಿದವರನ್ನು ನೆನೆದರೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ.

ಇನ್ನು ಕೆಲವು ಕಡೆ ರಾಕೆಟ್ ಪೂರ್ತಿ ಉರಿಯುತ್ತಲೇ ಇರುತ್ತದೆ, ಆಟ ಆಕಾಶದಲ್ಲಿ ಗುಂಡು ಹಾರಿಸುವ ಶೂಟರ್ ಆಗಿಬಿಡುತ್ತದೆ. ಗಣಿಯ ಗಾಡಿ ಮೇಲೆ ಕೂತು ಹೋಗುವ ಭಾಗ ಇದೆ. ಸ್ಪಾರ್ಕ್‌ಸ್ಟರ್ ಬಾಲದಿಂದ ಕಂಬಿಗೆ ತಲೆಕೆಳಗಾಗಿ ನೇತಾಡಿಕೊಂಡು ಹೋರಾಡುವ ಜಾಗಗಳಿವೆ. ಒಪಾಸಮ್ ಅನ್ನೇ ಆರಿಸಿದ್ದು ಸುಮ್ಮನೆ ಅಲ್ಲ ಅಂತ ಅಲ್ಲಿ ಗೊತ್ತಾಗುತ್ತದೆ. ಮುದ್ದಾಗಿ ಕಾಣಲಿ ಅಂತ ಒಂದು ಪ್ರಾಣಿ ತಂದು, ಮೈಗೆ ಬಣ್ಣ ಹಚ್ಚಿ, ಕೈಗೆ ಗ್ಲೌಸ್ ಹಾಕಿ ಬಿಟ್ಟವರು ಆ ಕಾಲದಲ್ಲಿ ಬಹಳ ಮಂದಿ. ಇಲ್ಲಿ ಪ್ರಾಣಿಯ ಬಾಲಕ್ಕೂ ಆಟದಲ್ಲಿ ಕೆಲಸ ಇದೆ.

ಸಂಗೀತದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಸಂಗೀತ ಮಾಡಿದ ತಂಡದಲ್ಲಿ ಮಿಚಿರು ಯಮಾನೆ ಇದ್ದರು. ಮುಂದೆ 1997ರಲ್ಲಿ ಕ್ಯಾಸಲ್‌ವೇನಿಯಾ ಸರಣಿಯ ಸಿಂಫನಿ ಆಫ್ ದಿ ನೈಟ್ ಆಟದಿಂದ ಹೆಸರಾದವರು ಅವರೇ. ಮೆಗಾ ಡ್ರೈವ್‌ನ ಯಮಾಹಾ ಚಿಪ್ ಸೂಪರ್ ನಿಂಟೆಂಡೊದಷ್ಟು ಮೆದು ಅಲ್ಲ, ಅದರ ದನಿ ಸ್ವಲ್ಪ ಒರಟು, ಲೋಹ ಬಡಿದಂತೆ ಖಣಖಣ. ಕವಚ, ಕತ್ತಿ, ಯಂತ್ರಗಳ ಈ ಕಥೆಗೆ ಆ ಒರಟು ದನಿಯೇ ಸರಿ. ಒಳ್ಳೆ ಸ್ಪೀಕರ್ ಇಟ್ಟು ಕೇಳಿ.

ದೋಷಗಳೂ ಇವೆ. ಒಂದು ಕಡೆ ಸ್ಪಾರ್ಕ್‌ಸ್ಟರ್ ಮತ್ತು ಆಕ್ಸೆಲ್ ಇಬ್ಬರೂ ದೈತ್ಯ ರೋಬೋಗಳ ಒಳಗೆ ಕೂತು ಗುದ್ದಾಡುತ್ತಾರೆ. ನೋಡಲು ಭರ್ಜರಿ, ಆಡಲು ನಿಧಾನ. ರಾಕೆಟ್‌ನ ವೇಗಕ್ಕೆ ಒಗ್ಗಿದ ಕೈಗೆ ಅಲ್ಲಿ ಏನೂ ಕೆಲಸವಿಲ್ಲ. ಕೊನೆಯ ಎರಡು ಹಂತಗಳಲ್ಲಿ ಕಷ್ಟ ಒಮ್ಮೆಲೇ ಜಾಸ್ತಿಯಾಗುತ್ತದೆ. ಆಟ ಚಿಕ್ಕದು ಕೂಡ, ಪಳಗಿದವರು ಗಂಟೆ, ಒಂದೂವರೆ ಗಂಟೆಯಲ್ಲಿ ಮುಗಿಸುತ್ತಾರೆ. ಇದನ್ನು ಕೆಲವರು ಕೊರತೆ ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಉಪಾಯ ಮುಗಿದ ಮೇಲೆ ಎಳೆಯದೆ ನಿಲ್ಲಿಸಿದ್ದಾರೆ.

ಇಷ್ಟು ಒಳ್ಳೆಯ ಆಟ ಯಾಕೆ ಮರೆಯಾಯಿತು? 1991ರಲ್ಲಿ ಸೋನಿಕ್ ಗೆದ್ದ ಮೇಲೆ ಎಲ್ಲ ಕಂಪನಿಗೂ ಒಂದೊಂದು ಪ್ರಾಣಿ ಬೇಕಾಯಿತು. ಬಬ್ಸಿ ಅನ್ನುವ ಕಾಡುಬೆಕ್ಕು, ಏರೊ ಅನ್ನುವ ಬಾವಲಿ, ಹೀಗೆ 1993 ಒಂದೇ ವರ್ಷದಲ್ಲಿ ಸಾಲು ಸಾಲು. ಅದೇ ವರ್ಷ, ಅದೇ ಮೆಷಿನ್‌ಗೆ ಆಸಮ್ ಪಾಸಮ್ ಅಂತ ಇನ್ನೊಂದು ಒಪಾಸಮ್ ಆಟವೂ ಬಂತು! ಅದು ಸಾಧಾರಣ ಆಟ. ಅಂಗಡಿಯಲ್ಲಿ ನಿಂತ ಮಗುವಿಗೆ ಇವರಲ್ಲಿ ಯಾರು ಬೇರೆ ಅಂತ ಹೇಗೆ ತಿಳಿಯಬೇಕು? ಬ್ರಿಟನ್ನಿನಲ್ಲಿ ಸ್ಪಾರ್ಕ್‌ಸ್ಟರ್‌ನ ಚಿತ್ರಕಥೆಗಳು ಬಂದವು, ಅದೂ ಸೋನಿಕ್ ಹೆಸರಿನ ಮಕ್ಕಳ ಪತ್ರಿಕೆಯ ಒಳಗೇ. ಆ ನೆರಳಿನಿಂದ ಅವನಿಗೆ ಬಿಡುಗಡೆ ಸಿಗಲೇ ಇಲ್ಲ.

ಕೊನಾಮಿ ಕೂಡ ತನ್ನ ಪಾಲಿನ ಹಾನಿ ಮಾಡಿತು ಅನ್ನುವುದು ನನ್ನ ಅಭಿಪ್ರಾಯ. 1994ರಲ್ಲಿ ಸ್ಪಾರ್ಕ್‌ಸ್ಟರ್ ಹೆಸರಿನಲ್ಲಿ ಎರಡು ಆಟ ಬಂದವು. ಒಂದು ಸೂಪರ್ ನಿಂಟೆಂಡೊಗೆ, ಇನ್ನೊಂದು ಮೆಗಾ ಡ್ರೈವ್‌ಗೆ, ಎರಡೂ ಬೇರೆ ಬೇರೆ ಆಟ. ಮೆಗಾ ಡ್ರೈವ್‌ನ ಎರಡನೇ ಆಟದಲ್ಲಿ ರಾಕೆಟ್ ತಾನಾಗೇ ಚಾರ್ಜ್ ಆಗುತ್ತದೆ, ಬಟನ್ ಹಿಡಿದು ಕಾಯುವುದೇ ಬೇಡ. ಕತ್ತಿಯಿಂದ ಅಲೆ ಹೊರಡುವುದೂ ನಿಂತಿತು. ಆಡುವವರಿಗೆ ಸುಲಭವಾಗಲಿ ಅಂತ ಮಾಡಿರಬಹುದು. ಆದರೆ ಹೊಡೆಯಲೋ ಹಾರಲೋ ಅನ್ನುವ ಆ ಪ್ರಶ್ನೆ ಅಲ್ಲಿಗೆ ಮುಗಿಯಿತು. ಎರಡು ಆಟಗಳನ್ನು ಒಂದರ ಹಿಂದೆ ಒಂದು ಆಡಿ ನೋಡಿ, ಏನು ಕಳೆದುಹೋಗಿದೆ ಅಂತ ಬೆರಳಿಗೇ ಗೊತ್ತಾಗುತ್ತದೆ. ಅದಾದ ಮೇಲೆ ಬಹಳ ವರ್ಷ ಸುದ್ದಿಯೇ ಇಲ್ಲ. 2010ರಲ್ಲಿ ರಾಕೆಟ್ ನೈಟ್ ಅಂತ ಒಂದು ಹೊಸ ಆಟ ಬಂತು, ಬಂದ ಹಾಗೇ ಹೋಯಿತು.

ಈಗ ಬರೆಯಲು ಕಾರಣ ಇದೆ. 2024ರಲ್ಲಿ 1993ರ ಆಟ, 1994ರ ಎರಡು ಆಟ, ಈ ಮೂರನ್ನೂ ಸೇರಿಸಿ ರಾಕೆಟ್ ನೈಟ್ ಅಡ್ವೆಂಚರ್ಸ್: ರೀ-ಸ್ಪಾರ್ಕ್ಡ್ ಅಂತ ಮತ್ತೆ ಬಿಟ್ಟಿದ್ದಾರೆ. ನಿಂಟೆಂಡೊ ಸ್ವಿಚ್‌ಗೆ, ಪ್ಲೇಸ್ಟೇಷನ್‌ಗೆ ಇದೆ. ಕಂಪ್ಯೂಟರ್ ಇದ್ದವರಿಗೆ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಇದೆ. ಹಳೆ ಮೆಷಿನ್ ಹುಡುಕಿಕೊಂಡು ಅಲೆಯುವ ಕಾಲ ಹೋಯಿತು. ಎಲ್ಲಿ ಬೇಕೋ ಅಲ್ಲಿ ಸೇವ್ ಮಾಡಬಹುದು, ತಪ್ಪಿದರೆ ಹಿಂದಕ್ಕೆ ತಿರುಗಿಸಿಕೊಳ್ಳಬಹುದು, ಹಾಗಾಗಿ ಕಷ್ಟದ ಭಯವೂ ಬೇಡ. ಆದರೆ ಪಟ್ಟಿಯಲ್ಲಿ ಮೂರು ಹೆಸರು ಕಂಡಾಗ ಮೊದಲು 1993ರದ್ದನ್ನೇ ಹಾಕಿ. ಲಾವಾ ಗುಹೆಯವರೆಗಾದರೂ ಯಾರ ಸಲಹೆಯೂ ಕೇಳದೆ, ವಿಡಿಯೋ ನೋಡದೆ ಹೋಗಿ. ಆ ಜಾಗವನ್ನು ಮೊದಲೇ ನೋಡಿಬಿಟ್ಟರೆ ಅರ್ಧ ರುಚಿ ಹೋದ ಹಾಗೆ. (ಅದನ್ನು ಈ ಪತ್ರದಲ್ಲಿ ಬಿಡಿಸಿ ಹೇಳಬೇಕಾಯಿತು, ಇಲ್ಲದಿದ್ದರೆ ಆಟದ ಗುಣ ನಿಮಗೆ ಹೇಗೆ ತೋರಿಸಲಿ?) ಮನೆಯಲ್ಲಿ ಮೊಬೈಲ್ ಆಟಕ್ಕೆ ಅಂಟಿಕೊಂಡ ಮಕ್ಕಳಿದ್ದರೆ ಅವರ ಕೈಗೂ ಕೊಡಿ. ಇಲ್ಲಿ ನಡುವೆ ಜಾಹೀರಾತು ಬರುವುದಿಲ್ಲ, ದುಡ್ಡು ಕೊಟ್ಟರೆ ಮುಂದಿನ ಹಂತ ಅನ್ನುವ ಕಾಟವಿಲ್ಲ.

ಸಂಪಾದಕರಲ್ಲಿ ಒಂದು ಕೋರಿಕೆ. ಶುಕ್ರವಾರ ಬಿಡುಗಡೆಯಾದ ಸಿನಿಮಾಕ್ಕೆ ನೀವು ವಿಮರ್ಶೆ ಬರೆಸುತ್ತೀರಿ, ಪುಸ್ತಕಕ್ಕೆ ಬರೆಸುತ್ತೀರಿ, ನಾಟಕಕ್ಕೂ ಬರೆಸುತ್ತೀರಿ. ವಿಡಿಯೋ ಗೇಮ್ ಮಾತ್ರ ನಿಮ್ಮ ಪುಟಗಳಲ್ಲಿ ಮಕ್ಕಳ ಚಟ ಅಂತಲೋ, ಇಷ್ಟು ಕೋಟಿ ವ್ಯಾಪಾರ ಅಂತಲೋ ಬರುತ್ತದೆ, ಅಲ್ವಾ? ಯಾರು ಮಾಡಿದರು, ಒಳಗೆ ಏನು ಯೋಚನೆ ಇದೆ, ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ ಅಂತ ಬರೆಯುವವರು ಕನ್ನಡದಲ್ಲಿ ಈಗ ಇದ್ದಾರೆ. ಕಾಂಟ್ರಾ ಆಡಿ ಬೆಳೆದ ಒಂದು ತಲೆಮಾರೇ ನಿಮ್ಮ ಓದುಗರಲ್ಲಿದೆ. ಭಾನುವಾರದ ಪುರವಣಿಯಲ್ಲಿ ಅರ್ಧ ಕಾಲಂ ಕೊಡಿ, ವಾರಕ್ಕೊಂದು ಆಟ. ಮೊದಲ ವಾರ ಸ್ಪಾರ್ಕ್‌ಸ್ಟರ್‌ನ ಚಿತ್ರ ಸ್ವಲ್ಪ ದೊಡ್ಡದಾಗಿ ಹಾಕಿ.

ಇಂತಿ,
ನಿಮ್ಮ ಹಳೆಯ ಓದುಗ,
ಶಿವಮೊಗ್ಗ