ನ್ಯೂರೆಂಬರ್ಗ್‌ನಿಂದ ಅಪ್ಪಾಜಿಗೆ

ನ್ಯೂರೆಂಬರ್ಗ್, ಜರ್ಮನಿ
ಜನವರಿ 31

ಪ್ರೀತಿಯ ಅಪ್ಪಾಜಿ, ಅಮ್ಮ,

ನಾನು ಇಲ್ಲಿ ಚೆನ್ನಾಗಿದ್ದೇನೆ. ಚಳಿ ಮಾತ್ರ ಮೂಳೆಗೇ ಇಳಿಯುತ್ತದೆ. ಅಮ್ಮ, ನೀನು ಕಟ್ಟಿಕೊಟ್ಟ ರಾಗಿ ಹುರಿಹಿಟ್ಟೇ ಬೆಳಗಿನ ತಿಂಡಿ. ಬಿಸಿ ಹಾಲು, ಬೆಲ್ಲ ಹಾಕಿ ಕಲಸಿಕೊಂಡರೆ ಮಧ್ಯಾಹ್ನದವರೆಗೂ ಹಸಿವಿಲ್ಲ. ಫೋನ್ ಮಾಡೋಣ ಅಂದರೆ ನಾನು ರೂಮಿಗೆ ಬರುವ ಹೊತ್ತಿಗೆ ನಿಮಗೆ ನಡುರಾತ್ರಿ. ಅದಕ್ಕೇ ಬರೆಯುತ್ತಿದ್ದೇನೆ. ತಮ್ಮ ಓದಿ ಹೇಳಲಿ.

ಅಪ್ಪಾಜಿ, ಮೊದಲು ವಿಷಯ ಹೇಳಿಬಿಡುತ್ತೇನೆ. ನಮ್ಮ ಮರದ ಆಟಿಕೆಗೆ ಆರ್ಡರ್ ಸಿಕ್ಕಿದೆ. 600 ಪೀಸ್. ಸಣ್ಣದೇ. ಆದರೆ ಡಬ್ಬಿಯ ಮೇಲೆ ಚನ್ನಪಟ್ಟಣ ಅಂತಲೇ ಇರುತ್ತದೆ.

ನಾನು ಬಂದಿರುವ ಈ ಆಟಿಕೆ ಮೇಳ 1950ರಿಂದ ನಡೆಯುತ್ತಿದೆ. ವ್ಯಾಪಾರದವರಿಗೆ ಮಾತ್ರ ಒಳಗೆ ಪ್ರವೇಶ. ಇಷ್ಟೊಂದು ಆಟಿಕೆ ಇರುವ ಕಡೆ ಒಂದು ಮಗುವಿನ ಸದ್ದೂ ಇಲ್ಲ ಅಂದರೆ ನಂಬುತ್ತೀರಾ? ನಮ್ಮದು ಇನ್ನೊಬ್ಬರ ಜೊತೆ ಹಂಚಿಕೊಂಡ ಸ್ಟಾಲ್, ಒಂದು ಮೇಜಿನಷ್ಟು ಜಾಗ. ಮೊದಲ ದಿನ ಯಾರೂ ನಿಲ್ಲಲೇ ಇಲ್ಲ. ಸಂಜೆ ಆಟಿಕೆ ಕಟ್ಟಿಡುವಾಗ ಅಳು ಬಂತು.

ಎರಡನೇ ದಿನ ನೆದರ್ಲ್ಯಾಂಡ್ಸ್‌ನ ಒಬ್ಬ ವಿತರಕಿ ಬಂದರು. ಮಾತಿಗೆ ಮುಂಚೆ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕೊಳವೆ ತೆಗೆದರು. ಬಾಯಿ 31.7 ಮಿಲಿಮೀಟರ್ ಅಗಲ. ಮೂರು ವರ್ಷದೊಳಗಿನ ಮಗುವಿನ ಗಂಟಲು ಅಂದುಕೊಳ್ಳಿ. ಆ ವಯಸ್ಸಿನವರ ಆಟಿಕೆಯಾದರೆ ಯಾವ ತುಂಡೂ ಅದರೊಳಗೆ ಪೂರ್ತಿ ಇಳಿಯಬಾರದು. ನಮ್ಮ ರೈಲಿನ ಗಾಲಿ ಬಾಯಲ್ಲೇ ನಿಂತಿತು. ಪುಟ್ಟ ಬುಗುರಿ ಟಕ್ ಅಂತ ಒಳಗೆ ಬಿತ್ತು. ನನ್ನ ಎದೆಯೂ ಧಸಕ್ಕೆಂದಿತು. ಆಮೇಲೆ ಬಣ್ಣದ ಟೆಸ್ಟ್ ರಿಪೋರ್ಟ್ ಕೇಳಿದರು. ಮಗು ಚೀಪಿದರೆ ಸೀಸ, ಕ್ಯಾಡ್ಮಿಯಂನಂಥ ವಿಷ ಬಿಡುತ್ತದಾ ಅಂತ ನೋಡುವ ಟೆಸ್ಟ್. ಹಳದಿ, ಕೆಂಪಿಗೆ ಇತ್ತು. ಹೊಸ ಹಸಿರಿಗೆ ಮಾಡಿಸಿರಲಿಲ್ಲ. ಅದು ನನ್ನದೇ ತಪ್ಪು. ಸುರಕ್ಷತೆಯ ನಿಯಮ ಪಾಲಿಸಿದ್ದೇವೆ ಅಂತ ತಯಾರಿಸುವವರು ಹಾಕುವ ಸಿಇ ಗುರುತಿಲ್ಲದೆ ಯುರೋಪಿನಲ್ಲಿ ಆಟಿಕೆ ಮಾರುವ ಹಾಗಿಲ್ಲ. ಅವರು ಗದರಲಿಲ್ಲ, "ಎಲ್ಲ ಕಾಗದ ಸರಿಮಾಡಿಕೊಂಡು ಬರೆಯಿರಿ" ಅಂದರು.

ಇನ್ನೊಬ್ಬರು 8,000 ಪೀಸ್ ಬೇಕು ಅಂದರು. ಕೈ ನಡುಗಿತು ಅಪ್ಪಾಜಿ. ಆದರೆ ಡಬ್ಬಿಯ ಮೇಲೆ ಅವರ ಹೆಸರು ಮಾತ್ರ, ಚನ್ನಪಟ್ಟಣದ ಮಾತೇ ಬೇಡವಂತೆ. ಬ್ಯಾಂಕಿನ ಸಾಲ ಕಣ್ಣ ಮುಂದೆ ಬಂತು. ನೀವು ಬೆನ್ನು ಬಗ್ಗಿಸಿ ಪಟ್ಟಡೆಯ ಮುಂದೆ ಕೂರುತ್ತಿದ್ದದ್ದೂ ಬಂತು. ಆಗುವುದಿಲ್ಲ ಅಂದುಬಿಟ್ಟೆ. ನಿಮ್ಮನ್ನು ಒಂದು ಮಾತು ಕೇಳದೆ ಹೇಳಿದೆ, ಬೇಜಾರಿಲ್ಲ ಅಲ್ವಾ?

600 ಪೀಸ್ ತೆಗೆದುಕೊಂಡವರು ಗಂಡ ಹೆಂಡತಿ. ಸಣ್ಣ ಸಣ್ಣ ಅಂಗಡಿಗಳಿಗೆ ಮರದ ಆಟಿಕೆ ಮಾತ್ರ ಹಾಕುತ್ತಾರೆ. ಮೂವತ್ತು ಪರ್ಸೆಂಟ್ ಮುಂಗಡ, ಉಳಿದದ್ದು ಮಾಲು ಹಡಗಿಗೆ ಏರುವ ಮುಂಚೆ. ಇಡೀ ಜರ್ಮನಿಗೆ ತಮಗೊಬ್ಬರಿಗೇ ಕೊಡಿ ಅಂದರು. ಒಂದು ವರ್ಷಕ್ಕೆ ಮಾತ್ರ ಒಪ್ಪಿದ್ದೇನೆ. ನಮ್ಮ ಆಟಿಕೆ ಇಲ್ಲಿ ಅಷ್ಟು ದುಬಾರಿ ಯಾಕೆ ಅಂತ ಕೇಳುತ್ತಿದ್ದಿರಲ್ಲ, ಈಗ ಲೆಕ್ಕ ಸಿಕ್ಕಿತು. ಸಾಗಣೆ, ವಿತರಕರ ಪಾಲು, ಅಂಗಡಿಯವರ ಪಾಲು, ಎಲ್ಲದರ ಮೇಲೆ 19 ಪರ್ಸೆಂಟ್ ತೆರಿಗೆ. ಹಾಗಂತ ನಮ್ಮ ಕೂಲಿ ಇಳಿಸುವ ಮಾತಿಗೆ ನಾನು ಬಗ್ಗಲಿಲ್ಲ.

ಇನ್ನೊಂದು ಹೇಳಲೇಬೇಕು. ನಿನ್ನೆ ಒಬ್ಬ ಮುದುಕರು ನಮ್ಮ ಗಿಲಕಿಯನ್ನು ಕೈಗೆತ್ತಿಕೊಂಡು ಮೂಗಿನ ಹತ್ತಿರ ಹಿಡಿದರು. ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದರು. ಥೇಟ್ ನಿಮ್ಮ ಹಾಗೇ! ಯಾವ ವಾರ್ನಿಷ್ ಅಂತ ಕೇಳಿದರು. ವಾರ್ನಿಷ್ ಅಲ್ಲ, ಲೇತ್‌ನಲ್ಲಿ ಆಲೆ ಮರ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ, ಆಮೇಲೆ ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ ಅಂದೆ. ಅವರೂ ಲೇತ್ ಕೆಲಸದವರು. ಚೆಕ್ ಗಡಿಯ ಹತ್ತಿರದ ಜೈಫೆನ್ ಊರಿನ ಕಡೆಯವರು. ಅಲ್ಲಿ ಹಸಿ ಮರವನ್ನು ದೊಡ್ಡ ಬಳೆಯ ಹಾಗೆ ತಿರುವುತ್ತಾರಂತೆ. ತಿರುವುವಾಗ ಏನೂ ಗೊತ್ತಾಗುವುದಿಲ್ಲ. ಬಳೆಯನ್ನು ಹೋಳು ಹೋಳಾಗಿ ಸೀಳಿದರೆ ಒಂದೊಂದು ಹೋಳೂ ಕುದುರೆ! ಒಳಗಿನ ಆಕಾರ ಕಾಣದೆಯೇ ಉಳಿ ಹಿಡಿಯಬೇಕು.

ಅವರಿಗೆ ಕೆಂಪು ಅರಗಿನ ಒಂದು ಕಡ್ಡಿ ಕೊಟ್ಟೆ. ಅವರು ಬಳೆಯ ಒಂದು ಹೋಳು ಕೊಟ್ಟರು, ಇನ್ನೂ ಕಾಲು ಕೆತ್ತದ ಕುದುರೆ. ನಿಮಗೇ ಅಂತ ಟವೆಲ್‌ನಲ್ಲಿ ಸುತ್ತಿಟ್ಟಿದ್ದೇನೆ. ನಾನು ಬರುವವರೆಗೆ ಪುಟ್ಟ ಬುಗುರಿ ಹೊಸದಾಗಿ ಮಾಡುವುದು ಬೇಡ ಅಂತ ಎಲ್ಲರಿಗೂ ಹೇಳಿ. ಹಸಿರು ಅರಗಿನ ಎರಡು ಕಡ್ಡಿ ಟೆಸ್ಟ್‌ಗೆ ಎತ್ತಿಡಿ. ಮಂಗಳವಾರ ಬೆಳಿಗ್ಗೆ ಮನೆಯಲ್ಲಿರುತ್ತೇನೆ.

ನಿಮ್ಮ ಮಗಳು