ಸ್ಟರ್ಲಿಂಗ್ ಬೆಳ್ಳಿ ಎಂದು ಮಾರಿದ ಸಕ್ಕರೆ ಬಟ್ಟಲಿನ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಲೇಪದ ಬಟ್ಟಲನ್ನು ಬೆಳ್ಳಿಯೆಂದು ಮಾರಿದ್ದು, ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನಾನು ಬದಿಯಡ್ಕದವಳು. ಕಳೆದ ತಿಂಗಳು ನಿಮ್ಮ ಆ್ಯಪ್‌ನಲ್ಲಿ ‘ಇಂಗ್ಲೆಂಡಿನ ಹಳೆಯ ಸ್ಟರ್ಲಿಂಗ್ ಬೆಳ್ಳಿ ಸಕ್ಕರೆ ಬಟ್ಟಲು’ ನೋಡಿ 34,500 ರೂಪಾಯಿ ಕಟ್ಟಿ ತರಿಸಿದೆ. ಸ್ಟರ್ಲಿಂಗ್ ಅಂದರೆ 1000ಕ್ಕೆ 925 ಪಾಲು ಬೆಳ್ಳಿ ಇರಬೇಕು. ಬಂದದ್ದು ಬೆಳ್ಳಿ ಅಲ್ಲ, ಬೆಳ್ಳಿಯ ಲೇಪ ಅಷ್ಟೇ.

ಬಟ್ಟಲಿನ ತಳದಲ್ಲಿ ಸಾಲಾಗಿ ನಾಲ್ಕು ಪುಟ್ಟ ಚೌಕಗಳಿವೆ, ಒಂದೊಂದರಲ್ಲಿ ಒಂದೊಂದು ಅಕ್ಷರ. ಬರಿಗಣ್ಣಿಗೆ ಹಾಲ್‌ಮಾರ್ಕ್ ಹಾಗೆಯೇ ಕಾಣುತ್ತದೆ. ಭೂತಗನ್ನಡಿ ಹಿಡಿದು ಓದಿದೆ: ಇ, ಪಿ, ಎನ್, ಎಸ್. ಅಂದರೆ ನಿಕ್ಕಲ್ ಸಿಲ್ವರ್ ಮೇಲೆ ಕರೆಂಟು ಹಾಯಿಸಿ ತೆಳುವಾಗಿ ಬೆಳ್ಳಿ ಹಿಡಿಸಿದ್ದು. ನಿಕ್ಕಲ್ ಸಿಲ್ವರ್ ಎಂದರೆ ತಾಮ್ರ, ನಿಕ್ಕಲ್, ಸತು. ಹೆಸರಲ್ಲಿ ಸಿಲ್ವರ್ ಇದೆ, ಒಳಗೆ ಒಂದು ಗುಂಜಿ ಬೆಳ್ಳಿಯೂ ಇಲ್ಲ. ಹಿಡಿಯ ಬುಡದಲ್ಲಿ ಬೆರಳು ತಾಗಿ ತಾಗಿ ಸವೆದ ಕಡೆ ಹಳದಿ ಬಣ್ಣ ಎದ್ದಿದೆ. ನಿಮ್ಮ ಫೋಟೋಗಳಲ್ಲಿ ಆ ಬದಿ ಇರಲೇ ಇಲ್ಲ. ಪೇಟೆಯ ಆಚಾರ್ರಿಗೆ ತೋರಿಸಿದೆ. ಉಜ್ಜಿ ನೋಡುವ ಮೊದಲೇ “ಇದು ಪ್ಲೇಟಿಂಗ್ ಅಕ್ಕಾ” ಅಂದರು.

ನಿಜವಾದ ಗುರುತು ಹೇಗಿರುತ್ತದೆ ಅಂತ ನನಗೆ ಗೊತ್ತು. ನಮ್ಮ ಅಜ್ಜ ಕೊಡಗಿನ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಊರಿಗೆ ಹೊರಟ ದೊರೆ ಅವರಿಗೊಂದು ಚಮಚ ಕೊಟ್ಟಿದ್ದರು. ನಾವು ಮಕ್ಕಳೆಲ್ಲ ಕಷಾಯ ಕುಡಿದದ್ದು ಅದರಲ್ಲೇ. ಅದರ ಹಿಂದೆ ಮುಂಗಾಲು ಎತ್ತಿ ನಡೆಯುವ ಒಂದು ಸಿಂಹ ಇದೆ. ಅಷ್ಟು ಚಿಕ್ಕದರಲ್ಲೂ ಬಾಲದ ಸುರುಳಿ ಕಾಣುತ್ತದೆ. ಅದು ಸ್ಟರ್ಲಿಂಗ್ ಎನ್ನುವುದಕ್ಕೆ ಆ ಸಿಂಹವೇ ಸಾಕ್ಷಿ. ಪಕ್ಕದ ಲಂಗರು, ಬೆಳ್ಳಿಯನ್ನು ಪರೀಕ್ಷಿಸಿದ ಬರ್ಮಿಂಗ್‌ಹ್ಯಾಮ್ ಊರಿನ ಗುರುತು. ಒಂದು ಅಕ್ಷರ ವರ್ಷಕ್ಕೆ, ಇನ್ನೆರಡು ಮಾಡಿದವರ ಹೆಸರಿಗೆ. ಈ ಚಮಚಕ್ಕೆ ಜೊತೆಯಾಗಲಿ ಅಂತಲೇ ಅಮ್ಮನ 75ನೇ ಹುಟ್ಟುಹಬ್ಬಕ್ಕೆ ಬಟ್ಟಲು ತರಿಸಿದ್ದು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಅಮ್ಮ ಏನೂ ಹೇಳಲಿಲ್ಲ. ಚಮಚ ಮಾತ್ರ ಎತ್ತಿ ಒಳಗಿಟ್ಟರು. ನನಗೆ ತುಂಬಾ ಬೇಜಾರಾಯಿತು.

ಬಂದ ಮೂರನೇ ದಿನವೇ ದೂರು ಕೊಟ್ಟೆ. “ಕಿರೀಟದ ಗುರುತಿದೆ, ಷೆಫೀಲ್ಡ್ ಬೆಳ್ಳಿ” ಎಂದು ನಿಮ್ಮವರು ಉತ್ತರಿಸಿದರು. 1974ರವರೆಗೆ ಷೆಫೀಲ್ಡ್‌ನ ಗುರುತು ಕಿರೀಟ, ಒಪ್ಪುತ್ತೇನೆ. ಆದರೆ ಲೇಪದ ಪಾತ್ರೆ ಮಾಡುವವರೂ ಹಿಂದೆ ಕಿರೀಟ ಒತ್ತುತ್ತಿದ್ದರು. ಪಕ್ಕದಲ್ಲಿ ಸಿಂಹ ಎಲ್ಲಿದೆ? ಈ ಪ್ರಶ್ನೆಗೆ ಉತ್ತರವೇ ಬರಲಿಲ್ಲ. ಹತ್ತು ದಿನ ಬಿಟ್ಟು, ವಾಪಸ್ ಮಾಡುವ ಏಳು ದಿನದ ಅವಧಿ ಮುಗಿದಿದೆ ಎಂದು ಬರೆದರು. ಸುಮ್ನೆ ಕೂತವಳು ನಾನಲ್ಲ, ತಡ ಮಾಡಿದ್ದು ನಿಮ್ಮವರು ಅಲ್ವಾ?

ಲೇಪದ ಪಾತ್ರೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದನ್ನು ಲೇಪ ಅಂತಲೇ ಹೇಳಿ, ಲೇಪದ ಬೆಲೆಗೆ ಮಾರಿ. ಆ್ಯಪ್‌ನಲ್ಲಿ ತಳದ ಗುರುತಿನ ಫೋಟೋ ಹತ್ತಿರದಿಂದ ತೆಗೆದು ಹಾಕಿ.

15 ದಿನದೊಳಗೆ ಪೂರ್ತಿ ಹಣ ವಾಪಸ್ ಮಾಡಬೇಕು, ಕೊರಿಯರ್ ಖರ್ಚನ್ನೂ ನೀವೇ ಹೊರಬೇಕು. ಇಲ್ಲವಾದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬಿಲ್, ಗುರುತಿನ ಫೋಟೋ, ನಿಮ್ಮವರ ಉತ್ತರ ಎಲ್ಲವನ್ನೂ ಇದರ ಜೊತೆ ಇಟ್ಟಿದ್ದೇನೆ. ಬಟ್ಟಲನ್ನು ನೀವು ಕಳಿಸಿದ ಪೆಟ್ಟಿಗೆಯಲ್ಲೇ ಕಟ್ಟಿಟ್ಟಿದ್ದೇನೆ, ಕೊಂಡೊಯ್ಯಲು ಜನ ಕಳಿಸಿ.

ಇತಿ,
ನಿಮ್ಮ ಗ್ರಾಹಕಿ
ಬದಿಯಡ್ಕ, ಕಾಸರಗೋಡು ಜಿಲ್ಲೆ